ಹತ್ತಿ ದಾರದ ಜುಬ್ಬಾ

“ಯಾಕ್ರೀ ನಗ್ತೀರಾ? ಮನುಷ್ಯನ ಮೊಣಕಾಲು ನೋಡೇ ಇಲ್ವಾ ನೀವು?”

ಗಂಗೋತ್ರಿ ವೇಲಿನಿಂದ ಬಾಯಿ ಮುಚ್ಚಿಕೊಂಡಳು. ತಡೆಯಲಾಗದೆ ಮತ್ತೆ ಕಿಸಕ್ಕೆಂದಳು.

ಆರಡಿ ಆಸಾಮಿ! ಆಸ್ಪತ್ರೆಯವರು ಕೊಟ್ಟ ಹತ್ತಿ ಗೌನು ಅವನ ಮೊಣಕಾಲನ್ನೂ ಮುಟ್ಟಿರಲಿಲ್ಲ. ವೀಲ್‌ಚೇರಿನಲ್ಲಿ ಕೂತು ಒಂದು ಕೈಯಲ್ಲಿ ಗೌನು ಕೆಳಗೆ ಎಳೆಯುತ್ತಿದ್ದ, ಇನ್ನೊಂದು ಕೈಯಲ್ಲಿ ಬ್ಯಾಂಡೇಜು ಸುತ್ತಿದ ಕಾಲಿನ ಮೇಲೆ ಟವೆಲ್ ಹೊದಿಸಿಕೊಳ್ಳುತ್ತಿದ್ದ.

“ತಪ್ಪಾತ್ರಿ... ನಮ್ಮೂರಾಗ ಹಿಂಗ ಹೊಲಿದ್ರ ಮಾಲಕ್ರು ಪೀಸ್ ಮಾರಿಗೇ ಒಗಿತಾರ್ರಿ!”

“ಯಾವೂರು?”

“ರಾಯದುರ್ಗ. ಜೀನ್ಸ್ ಹೊಲಿತೀನ್ರಿ.”

“ನಾನು ಮಡಕಶಿರದ ಮಾರೇಶ. ರೇಷ್ಮೆ ನೂಲು ತೆಗೆಯೋನು. ನಮ್ ಕಡೆ ಕಾಯಿಲೆಯವರನ್ನ ನೋಡಿ ಯಾರೂ ನಗಲ್ಲ.”

ಚುರುಕ್ಕೆಂದಿತು ಆ ಮಾತು. ಗಂಗೋತ್ರಿಯ ನಗು ಅಲ್ಲೇ ಇಂಗಿತು. ಛೇ, ನನ್ನ ಬಾಯಿಗಿಷ್ಟು!

ಅವಳಾದರೂ ಆ ಅನಂತಪುರದ ಆಸ್ಪತ್ರೆಗೆ ನಗಲಿಕ್ಕೆ ಬಂದವಳೇ? ಅಪ್ಪ ಹಂಪಣ್ಣನ ಕಾಲಿನ ಸಕ್ಕರೆ ಕಾಯಿಲೆ ಹುಣ್ಣು ಯಾವ ಮುಲಾಮಿಗೂ ಬಗ್ಗಿರಲಿಲ್ಲ. ಮಾರೇಶನದು ಇನ್ನೊಂದು ಕಥೆ. ರೇಷ್ಮೆಗೂಡು ಬೇಯಿಸುವ ಕುದಿನೀರು ಪಾದದ ಮೇಲೆ ಚೆಲ್ಲಿ, ಗಾಯ ಕೀವಾಗಿ, ಎರಡು ಬೆರಳು ಕಪ್ಪಗಾಗುತ್ತಿದ್ದವು.

ಇಬ್ಬರಿಗೂ ಉಳಿದದ್ದು ಒಂದೇ ದಾರಿ, ಗಾಜಿನ ಪೆಟ್ಟಿಗೆ. ಅದರೊಳಗೆ ಮಲಗಿಸಿ, ಬಾಗಿಲು ಬಿಗಿದು, ಒತ್ತಡದಲ್ಲಿ ಆಕ್ಸಿಜನ್ ತುಂಬುತ್ತಾರೆ. ರಕ್ತ ಸರಿಯಾಗಿ ಹೋಗದ ಮಾಂಸಕ್ಕೂ ಆ ಗಾಳಿ ಮುಟ್ಟಿ ಜೀವ ಬರಬೇಕು. ಬಂದರೆ ಬಂತು!

ಪೆಟ್ಟಿಗೆ ನಡೆಸುವ ಸಿಸ್ಟರ್ ಸ್ವಪ್ನಾ ಮೊದಲ ದಿನವೇ ಹೇಳಿದ್ದಳು. “ತಲೆಗೆ ಎಣ್ಣೆ ಬೇಡ, ಮೈಮೇಲೆ ಉಂಗುರ ಬೇಡ. ಹತ್ತಿ ಬಟ್ಟೆ ಬಿಟ್ಟು ಬೇರೆ ಏನೂ ಬೇಡ, ಪಾಲಿಯೆಸ್ಟರ್ ಉಜ್ಜಿದ್ರೆ ಕಿಡಿ ಹಾರುತ್ತೆ. ಒಳಗೆ ಒಂದು ಕಿಡಿ ಹುಟ್ಟಿದ್ರೂ ಉಳಿಸೋಕಾಗಲ್ಲ.”

ನಕ್ಕ ತಪ್ಪಿಗೆ ಗಂಗೋತ್ರಿ ಅವನಿಗೆ ಚಹಾ ತಂದುಕೊಟ್ಟಳು. ಮರುದಿನ ಅವನೇ ಅವಳ ಅಪ್ಪನಿಗೆ ಪೇಪರ್ ಓದಿ ಹೇಳಿದ. ಹಂಗೇ ಬೆಳೀತು ನೋಡಿ. ಎಲ್ಲಾ ಹೇಳುತ್ತಿದ್ದ, ಎಲ್ಲಾ ಕೇಳುತ್ತಿದ್ದ. ಕಾಲಿನ ಮೇಲಿನ ಆ ಟವೆಲ್ ಮಾತ್ರ ಸರಿಸುತ್ತಿರಲಿಲ್ಲ.

ಒಂದು ಭಾನುವಾರ ಊರಿಗೆ ಹೋದವಳು ಅಪ್ಪಟ ಹತ್ತಿ ಬಟ್ಟೆ ತಂದು ಅವನಿಗೊಂದು ಉದ್ದನೆಯ ಜುಬ್ಬಾ, ಪೈಜಾಮ ಹೊಲಿದಳು. ತಂದು ಅವನ ಮಡಿಲಲ್ಲಿಟ್ಟು ಮೆಲ್ಲಗೆ ಕೇಳಿದಳು.

“ಅಪ್ಪಗ ನಿಮ್ಮ ಬಗ್ಗೆ ಹೇಳ್ಲೇನ್ರಿ?”

ಮಾರೇಶ ಜುಬ್ಬಾದ ಮೇಲೆ ಕೈಯಾಡಿಸುತ್ತಲೇ ಇದ್ದ. ಆಮೇಲೆ ಮುಖ ತಿರುಗಿಸಿದ. “ಬ್ಯಾಡ. ನನ್ ಮನಸ್ನಾಗೆ ಅಂಥದ್ದೇನೂ ಇಲ್ಲ.”

“ಹಂಗಾರ ಜುಬ್ಬಾ ವಾಪಸ್ ಕೊಡ್ರಿ!”

“ಕೊಡಲ್ಲ.”

ಇದೆಂಥಾ ಮನುಷ್ಯ! ನಾನು ಬೇಡ, ನಾನು ಹೊಲಿದದ್ದು ಬೇಕು! ಆ ರಾತ್ರಿ ಗಂಗೋತ್ರಿಗೆ ಅನ್ನ ಇಳಿಯಲಿಲ್ಲ.

ಮರುದಿನ ಅವನ ಸರದಿ ಬಂದಾಗ ಅವಳು ಬೇಕಂತಲೇ ಗೋಡೆ ಕಡೆ ಮುಖ ಮಾಡಿ ಕೂತಳು. ಬಾಗಿಲು ಬಿಗಿದ ಸದ್ದಾಯಿತು. ಗಾಳಿ ತುಂಬುವ ಸದ್ದೂ ಬಂತು. ಇನ್ನು ತಡೆಯಲಾಗದೆ ತಿರುಗಿದಳು.

ಜುಬ್ಬಾ ಹಾಕಿಕೊಂಡಿದ್ದಾನೆ! ಬಟ್ಟೆ ಹತ್ತಿಯದೇ ಅಂತ ಸಿಸ್ಟರೂ ಒಪ್ಪಿರಬೇಕು. ಎದ್ದು ಗಾಜಿನ ಹತ್ತಿರ ಹೋದಳು. ಮೈಗೆ ಎಷ್ಟು ಚೆನ್ನಾಗಿ ಕೂತಿದೆ! ತೋಳು ಸರಿಯಿದೆ, ತೋಳಿನ ಅಂಚು...

ಅಂಚಿನ ದಾರದ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕರೀ ಗುಂಡು.

ಜೀನ್ಸ್ ಹೊಲಿಯುವವರ ಅಭ್ಯಾಸ ಅದು. ಹೊಲಿಗೆ ಬಿಚ್ಚದಿರಲಿ ಅಂತ ದಾರದ ತುದಿಗೆ ಕಡ್ಡಿ ಗೀರಿ ತಾಗಿಸುತ್ತಾರೆ. ಹತ್ತಿ ದಾರವಾದರೆ ಬೂದಿಯಾಗಿ ಉದುರುತ್ತದೆ. ಪಾಲಿಯೆಸ್ಟರ್ ಕರಗಿ ಗುಂಡಾಗುತ್ತದೆ.

ಬಟ್ಟೆ ಹತ್ತಿಯದೇ ತಂದಿದ್ದಳು. ಮಷೀನಿಗೆ ಏರಿಸಿದ್ದು ಮಾತ್ರ ದಿನಾ ಜೀನ್ಸಿಗೆ ಏರಿಸುವ ದಾರ!

“ಸಿಸ್ಟರ್! ಬಟ್ಟಿ ಹತ್ತೀದೈತ್ರಿ, ದಾರ ಪಾಲಿಯೆಸ್ಟರ್! ನನ್ನ ಕೈಯಾರೆ ಹೊಲಿದೀನ್ರಿ... ಬಾಗ್ಲಾ ತೆಗೀರಿ!”

ಸ್ವಪ್ನಾಳ ಮುಖ ಬಿಗಿಯಿತು. ಕೈ ಆಗಲೇ ಒತ್ತಡ ಇಳಿಸತೊಡಗಿತ್ತು. “ಗಾಬರಿ ಪಡಬೇಡಮ್ಮಾ. ಇಷ್ಟು ದಾರಕ್ಕೆ ಏನೂ ಆಗಲಿಕ್ಕಿಲ್ಲ. ಆದ್ರೂ ಆ ಧೈರ್ಯದ ಮೇಲೆ ಒಳಗೆ ಬಿಡೋಕಾಗಲ್ಲ. ದಿಢೀರಂತ ತೆಗೆದ್ರೆ ಅವರ ಕಿವಿ, ಶ್ವಾಸಕೋಶ ತಡಿಯಲ್ಲ, ನಿಧಾನಕ್ಕೇ ಇಳಿಸ್ಬೇಕು. ಅಲ್ಲೀವರೆಗೂ ಅಲುಗಾಡಬಾರ್ದು, ಬಟ್ಟೆ ಉಜ್ಜಬಾರ್ದು. ತಗೋ ಫೋನು, ನೀನೇ ಹೇಳು.”

ಪೆಟ್ಟಿಗೆಯೊಳಕ್ಕೆ ಕೇಳಿಸುವ ಆ ಫೋನನ್ನು ಅವಳು ಕಸಿದುಕೊಂಡಳು.

“ಮಾರೇಶ್... ಅಲುಗಾಡಬ್ಯಾಡ್ರಿ. ಹೆಂಗದೀರೋ ಹಂಗೇ ಇರ್ರಿ.”

“ಯಾಕೆ? ಏನಾಯ್ತು?”

ಸುಳ್ಳು ಹೇಳಲೇ? ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದಳು. ಅವನ ಕಣ್ಣು ಗಾಜಿನೊಳಗಿಂದ ಅವಳನ್ನೇ ನೋಡುತ್ತಿದ್ದವು.

ಎಂಥಾ ಸಂಕಟ! ಗೇಣು ದೂರದಲ್ಲಿದ್ದಾನೆ, ಕೈಹಿಡಿದು ಎಳೆದುಕೊಳ್ಳುವ ಹಾಗಿಲ್ಲ. ಗಾಳಿ ಸುಯ್ ಅಂತ ಇಳಿಯುತ್ತಿದೆ, ಮುಗಿಯುತ್ತಲೇ ಇಲ್ಲ. ದೇವರೇ... ನಾನು ಪ್ರೀತಿಯಿಂದ ಹೊಲಿದದ್ದೇ ಇವರನ್ನ ಸುಡಬೇಕಾ?

“ನಾನೂ ನೂಲಿನೋನೇ ಅಲ್ವಾ?” ಫೋನಿನಲ್ಲಿ ಅವನ ದನಿ. “ಹಾಕ್ಕೊಳ್ಳುವಾಗ ದಾರ ನೋಡ್ಲಿಲ್ಲ. ನೀನು ಹೊಲಿದಿದ್ದು ಅನ್ನೋದೊಂದೇ ಕಂಡಿದ್ದು.”

“ಹಂಗಾರ ನಿನ್ನೆ ಯಾಕ ಹಂಗಂದ್ರಿ?”

“ಬೆರಳು ತೆಗೀಬೇಕಾಗ್ಬೌದು ಅಂದವ್ರೆ ಡಾಕ್ಟ್ರು. ಪಾದಾನೂ ಉಳಿಯುತ್ತೋ ಇಲ್ವೋ... ನಿಮ್ಮನೇಲಿ ಆಗ್ಲೇ ಒಂದು ಹುಣ್ಣಿನ ಕಾಲೈತೆ. ಇನ್ನೊಂದನ್ನ ಯಾಕೆ ನಿನ್ ತಲೆಗೆ ಕಟ್ಲಿ?”

“ನನ್ನ ತಲಿಗೆ ಏನು ಕಟ್ಕೋಬೇಕಂತ ಹೇಳಾಕ ನೀವು ಯಾರ್ರೀ?” ಗಂಗೋತ್ರಿ ಅಳುತ್ತಲೇ ಬೈದಳು. “ಅಪ್ಪನ ಕಾಲು ತೊಳಿಯೋ ಕೈ ನಿಮ್ಮ ಕಾಲೂ ತೊಳಿತೈತಿ. ನೀವಂದ್ರ ನನಗ ಜೀವಾ ರೀ! ಮೊದ್ಲು ಹೊರಗ ಬರ್ರಿ... ಬೆರಳಿಲ್ದಿದ್ರೂ ಬರ್ರಿ!”

ಮಾರೇಶನ ಕಣ್ಣು ತುಂಬಿದವು. ಒರೆಸಿಕೊಳ್ಳಲು ಕೈ ಎತ್ತಹೋದ.

“ಬ್ಯಾಡ್ರೀ! ಕೈ ಎತ್ತಬ್ಯಾಡ್ರಿ!”

ಕೈ ಅಲ್ಲೇ ನಿಂತಿತು. ಕಣ್ಣೀರು ಕಿವಿಯ ಕಡೆ ಹರಿಯಿತು.

“ಒರೆಸ್ಕೊಳ್ಳಂಗೂ ಇಲ್ವಲ್ಲ ಕಣೇ...”

“ನಾ ಒರಸ್ತೀನಿ. ಬರ್ರಿ ನೀವು.”

ಕಡೆಗೂ ಬಾಗಿಲು ತೆರೆಯಿತು. ಗಂಗೋತ್ರಿ ಮೊದಲು ಮಾಡಿದ್ದು ಅದೇ ಕೆಲಸ. ಅಂಗೈಯಿಂದ ಅವನ ಮುಖ ಒರೆಸಿದಳು.

ಹಿಂದಿನಿಂದ ಹಂಪಣ್ಣ ಗಂಟಲು ಸರಿಮಾಡಿಕೊಂಡ. “ಯವ್ವಾ ಗಂಗಿ, ಇಡೀ ವಾರ್ಡಿಗೇ ಕೇಳಿಸ್ತು. ಇನ್ನ ನನಗ ಬ್ಯಾರೆ ಹೇಳೋದೇನೂ ಬ್ಯಾಡ ಬಿಡು.”

ಆ ಕಪ್ಪು ಬೆರಳುಗಳು ಉಳಿಯುತ್ತವೋ ಇಲ್ಲವೋ, ಡಾಕ್ಟರು ಆಗಲೂ ಹೇಳಲಿಲ್ಲ. ಸಂಜೆ ಮತ್ತದೇ ಗಿಡ್ಡ ಗೌನಿನಲ್ಲಿ ಮಾರೇಶ ಕೂತಿದ್ದ. ಗಂಗೋತ್ರಿ ಅವನ ಕಾಲಿನ ಮೇಲಿನ ಟವೆಲ್ ಸರಿಸಿ, ಬ್ಯಾಂಡೇಜಿನ ಮೇಲೆ ಮೆಲ್ಲಗೆ ಕೈಯಿಟ್ಟಳು. ಅವನು ಕಾಲು ಎಳೆದುಕೊಳ್ಳಲಿಲ್ಲ.

“ಇವತ್ತು ನಗಲ್ವಾ?”

ಅವಳು ಇಲ್ಲವೆಂದು ತಲೆಯಾಡಿಸಿದಳು. “ಹೊಲಿಗಿ ಎಲ್ಲಾ ಬಿಚ್ಚಿ, ಹತ್ತಿ ದಾರದಾಗ ಕೈಲೇ ಹೊಲಿತೀನ್ರಿ. ತಡ ಆಗ್ತೈತಿ. ಕಾಯ್ತೀರೇನು?”

“ಈ ಕಾಲಿಟ್ಕೊಂಡು ಎಲ್ಲಿಗೆ ಓಡೋಗ್ಲಿ?”

“ಓಡೋ ಕಾಲಿದ್ರ?”

“ಆಗ್ಲೂ ರಾಯದುರ್ಗಕ್ಕೇ ಬತ್ತಿದ್ದೆ ಕಣೇ.”