ಕಂಬಳಿ ಹಾಸಿದ ಸೀಟು

"ಬ್ರೇಕ್! ಬ್ರೇಕ್ ಒತ್ರೀ ಬಾಯಾರ!"

ಪೂನಮ್ ಒತ್ತಿದಳು. ಕೆಂಪು ಕಾರು ಒಮ್ಮೆ ಎಗರಿ ನಿಂತಿತು. ಗಾಲಿಯ ಕೆಳಗೆ ಡಾಂಬರು, ಗಾಲಿಯ ಮುಂದೆ ಕೃಷ್ಣೆ!

ಅದು ಗಲಗಲಿಯ ಹಳೇ ರಸ್ತೆ. ಡ್ಯಾಮಿನ ಹಿನ್ನೀರು ಬಂದ ಮೇಲೆ ಯಾವ ಊರಿಗೂ ಹೋಗದೆ, ನೆಟ್ಟಗೆ ನೀರಿಗೆ ಇಳಿದುಬಿಡುತ್ತಿತ್ತು. ದೂರದಲ್ಲೊಂದು ಮೈಲಿಗಲ್ಲಿನ ತಲೆ ಮಾತ್ರ ಕಾಣುತ್ತಿತ್ತು. ಅದರ ಮೇಲೊಂದು ಕೊಕ್ಕರೆ.

ಹೆದರಬೇಕಿದ್ದವಳು ಬಾಯಿ ತೆರೆದು ನೋಡುತ್ತ ಕೂತಳು. ಎಂಟು ದಿನದ ಹಿಂದೆ ಕೊಂಡ ಪುಟ್ಟ ಗಾಡಿ, ಕಾಲ್ಬೆರಳು ತಾಗಿದರೆ ಹಾರುವ ಗಾಡಿ... ಎಲ್ಲಿಗೆ ತಂದು ನಿಲ್ಲಿಸಿದೆ ನನ್ನನ್ನು!

"ಹಿಂದ ತಗೋರಿ," ಎಂದ, ಕೂಗಿ ನಿಲ್ಲಿಸಿದ ಕುರಿಗಾರ ಮಾಳು. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು, ಬೆನ್ನಿಗೆ ಇನ್ನೂರು ಕುರಿ.

"ಹಿಂದ ಬರಂಗಿಲ್ರಿ. ಮುಂದಷ್ಟ ಕಲ್ತೀನಿ."

"ಲೈಸೆನ್ಸ್ ಕೊಟ್ಟಾವ್ರೂ ಮುಂದಷ್ಟ ನೋಡಿದ್ರೇನು?" ಅವನು ನಕ್ಕ. "ಕನ್ನಡ್ಯಾಗ ನನ್ನ ಕೋಲ ನೋಡ್ರಿ. ಅದು ಎತ್ತ ಹೊಳ್ಳತೈತಿ, ಅತ್ತ ಹೊಳ್ಳಸ್ರಿ."

ಕುರಿಗಳು ಎರಡಾಗಿ ಸೀಳಿ ದಾರಿ ಬಿಟ್ಟವು. ಕನ್ನಡಿಯೊಳಗಿನ ಕೋಲನ್ನೇ ನಂಬಿ, ಅವಳು ಮೊದಲ ಸಲ ಹಿಂದಕ್ಕೆ ಹೋದಳು.

ಅಷ್ಟರಲ್ಲಿ ತಾಯಿಯ ಫೋನು. ಪೂನಮ್ ಎತ್ತಿ ಹೇಳಿದಳು: "ಇಲ್ಲವ್ವ, ಸೀಟಿನ ಪ್ಲಾಸ್ಟಿಕ್ ತೆಗಿಯಾಂಗಿಲ್ಲ. ಮಂದಿ ಕುಂತು ಹೊಲಸ ಮಾಡ್ತಾರ!"

ಮಾಳು ಹೆಗಲ ಕಂಬಳಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ. ಅವಳು ಗಮನಿಸಲಿಲ್ಲ.

ಗಲಗಲಿಯ ದನದ ದವಾಖಾನೆಯಲ್ಲಿ ಅವಳಿಗೆ ಕೆಲಸ. ವಾರವೆಲ್ಲ ಕುರಿಗಳಿಗೆ ಅವಳ ಸೂಜಿ. ಭಾನುವಾರ ಗಾಡಿ ಕಲಿಯಲು ಅವಳಿಗೆ ಅವನ ಕೋಲು. ಬೇಸಿಗೆಗೆ ನೀರು ಇಳಿದಂತೆ ರಸ್ತೆ ವಾರವಾರವೂ ಉದ್ದವಾಯಿತು. ಮೈಲಿಗಲ್ಲು ಸೊಂಟದವರೆಗೆ ಎದ್ದಿತು, ಆಮೇಲೆ ಪೂರ್ತಿ. ಮುಳುಗಿದ್ದ ನೆಲ ಕಾರಿನ ಮುಂದೆ ಹೊಸದಾಗಿ ಹುಟ್ಟುತ್ತಿತ್ತು... ಅವಳೊಳಗೂ ಏನೋ!

ಆದರೆ ಅವನು ಎಂದೂ ಕಾರು ಹತ್ತಲಿಲ್ಲ.

"ಕುಂದ್ರಿ ಮಾಳು, ಒಂದ ಸುತ್ತು."

"ಬ್ಯಾಡ್ರಿ."

*ಹೆಣ್ಣು ಹೊಡೆಯುವ ಗಾಡಿ, ಅದಕ್ಕೇ!* ಎಂದುಕೊಂಡಳು. ಎರಡು ಭಾನುವಾರ ಹೋಗಲೇ ಇಲ್ಲ.

ಮಳೆಗಾಲ ಬಂತು, ನದಿ ಏರಿತು. "ಮಾಳೂನ ಕುರಿ ನಾಳೆ ಸಾವಳಗಿ ಕಡೆ ಹೊಂಟಾವ್ರಿ," ಎಂದು ಯಾರೋ ಹೇಳಿದ್ದೇ ತಡ, ಕಾರು ಹಳೇ ರಸ್ತೆಗೆ ಹಾರಿತು.

ನೀರಿನಂಚಿನಲ್ಲಿ ಅವನಿದ್ದ. ಪಕ್ಕದಲ್ಲಿ ತಾಯಿ ಸತ್ಯವ್ವ ಮರಿಗಳನ್ನು ಎಣಿಸುತ್ತಿದ್ದಳು.

"ಹೇಳದ ಹೋಗವ್ರಿದ್ರಿ? ಹೆಣ್ಣಿನ ಪಕ್ಕ ಕುಂದ್ರಾಕ ಅಷ್ಟ ನಾಚಿಕಿ?"

"ನಾಚಿಕಿ ನನ್ನ ಬಗ್ಗೆ ಐತ್ರಿ!" ಮೊದಲ ಸಲ ಅವನ ದನಿ ಏರಿತು. "ಮಂದಿ ಕುಂತು ಹೊಲಸ ಮಾಡ್ತಾರಂತ ಪ್ಲಾಸ್ಟಿಕ್ ಹಾಕೀರಿ. ಈ ಕಂಬಳಿ ವಾಸನಿ ನನಗ ಗೊತ್ತಿಲ್ಲೇನು?"

ಪೂನಮ್‌ಗೆ ಆ ಮೊದಲ ದಿನದ ಫೋನು ನೆನಪಾಯಿತು. ತನ್ನದೇ ಒಂದು ಮಾತು... ಆರು ತಿಂಗಳು ಅವನ ಹೆಗಲ ಮೇಲೆ!

ಬಾಗಿಲು ತೆರೆದಳು. ಪರ್... ಪರ್... ಪ್ಲಾಸ್ಟಿಕ್ ಹರಿದು ಬಂತು. ಅವನ ಹೆಗಲಿನಿಂದ ಕಂಬಳಿ ಎಳೆದು ಸೀಟಿನ ಮೇಲೆ ಹಾಸಿ, ಅಂಗೈಯಿಂದ ಮಡಿಕೆ ತೀಡಿದಳು.

"ನಮ್ಮಜ್ಜನೂ ಕುರಿ ಕಾಯ್ದಾವ್ನ. ನಮ್ಮ ಮಂದಿ ಕಂಬಳಿ ಹಾಸಿ ಯಾರ್ನ ಕುಂದ್ರಸ್ತಾರ, ಹೇಳ್ರಿ?"

ಅವನು ಹಾಸಿದ ಕಂಬಳಿಯನ್ನೇ ನೋಡಿದ. "ಬೀರಪ್ಪ ದೇವರ್ನ..."

"ಮತ್ತ?"

"...ಮದಿಮಗನ್ನ."

"ಹತ್ತಲೇ ಮಾಳ್ಯಾ!" ಸತ್ಯವ್ವ ಕೂಗಿದಳು. "ಕುರಿ ನಾ ಹೊಡ್ಕೊಂಡ ಹೊಕ್ಕೀನಿ. ಇಷ್ಟ ಹೇಳಾಕ ಆರ ತಿಂಗಳಾ?"

ಅವನು ಗುಡಿಯೊಳಗೆ ಕಾಲಿಡುವವನಂತೆ ಚಪ್ಪಲಿ ಬಿಟ್ಟು ಹತ್ತಿದ.

ಮುಂದೆ ನದಿ. ಹೋಗುವುದಾದರೆ ಹಿಂದಕ್ಕೇ.

"ಹಿಂದ ಕೋಲ ಹಿಡಿಯೋರ್ಯಾರ್ರಿ ಈಗ?" ಎಂದ ಮಾಳು.

ಪೂನಮ್ ಅವನ ಸೀಟಿನ ಬೆನ್ನಿಗೆ ಕೈಯಿಟ್ಟು ಹೊರಳಿ ನೋಡಿದಳು. ಕಾರು ದಾರ ಎಳೆದಂತೆ ನೆಟ್ಟಗೆ ಸರಿಯಿತು. ಕುರಿಗಳು ಎರಡಾಗಿ ಸೀಳಿದವು, ನದಿ ದೂರವಾಯಿತು.

"ಏನ್ ಛಲೋ ಹೊಡೀತೀ!" ಎಂದ. ರೀ ಎನ್ನುವುದನ್ನು ಮರೆತಿದ್ದ.

"ಈಗ ಕನ್ನಡಿ ನೋಡೂದ್ ಬೇಕಾಗಿಲ್ಲ," ಎಂದಳು. "ನೀ ಪಕ್ಕದಾಗ ಅದಿ."