ಹೊಟ್ಟೆಯ ಮೇಲಿನ ಬೆಕ್ಕಿನ ಮರಿ

ವೈದ್ಯನೂ ಅಲ್ಲದ, ವಿಜ್ಞಾನಿಯೂ ಅಲ್ಲದ ನಾನು ಈ ಕತೆ ಹೇಳಹೊರಟದ್ದು ಅಧಿಕಪ್ರಸಂಗವೇ. ತಪ್ಪು ಕಂಡರೆ ತಿಳಿದವರು ಮನ್ನಿಸಬೇಕು.

ಇನ್ನು ಮೂವತ್ತು ವರ್ಷಗಳ ನಂತರದ ಗದಗ. ಮಕ್ಕಳ ಆಸ್ಪತ್ರೆಯೊಂದರ ಮಂಚದ ಮೇಲೆ ನಾಲ್ಕು ವರ್ಷದ ಇಳಾ ಮಲಗಿದ್ದಾಳೆ. ಕಣ್ಣಿಗೆ ವಿಆರ್ ಕನ್ನಡಕ, ಅಂದರೆ ಇಲ್ಲದ ಲೋಕವನ್ನು ಇರುವಂತೆ ತೋರಿಸುವ ಸಾಧನ. ಅದರೊಳಗೆ ಬೆಕ್ಕಿನ ಮರಿಯೊಂದು ಅವಳ ಹೊಟ್ಟೆಯ ಮೇಲೆ ಹತ್ತಿ ಆಡುತ್ತಿದೆ. ನಿಜದಲ್ಲಿ ಹೊಟ್ಟೆ ಒತ್ತುತ್ತಿರುವುದು ಡಾಕ್ಟರ್ ಸವಣೂರರ ಬೆರಳು. ಬೆರಳು ಎಲ್ಲಿ ತಾಗಿದರೆ ಅಲ್ಲಿಗೇ ಮರಿ ಕಾಲಿಡುತ್ತದೆ. ಮನಸ್ಸು ಆಟದಲ್ಲಿ ಮುಳುಗಿದಾಗ ಮಿದುಳು ನೋವಿನ ಸುದ್ದಿಗೆ ಅಷ್ಟಾಗಿ ಕಿವಿಗೊಡುವುದಿಲ್ಲ. ಈ ಸಾಧನದ ಗುಟ್ಟು ಅದು.

ಇಳಾ ಕಿಲಕಿಲ ನಗುತ್ತಾಳೆ.

“ನಗ್ಲಿಕತ್ತಾಳಲ್ರಿ,” ಎಂದರು ಸವಣೂರರು, ಕನ್ನಡಕವನ್ನು ರೂಪಿಸಿದ ವಿಜ್ಞಾನಿ ವಿದುಲಾ ಕಟ್ಟಿಮನಿಯತ್ತ ತಿರುಗಿ. “ನಿನ್ನೆಯಿಂದ ಜ್ವರ, ವಾಂತಿ. ಅಪೆಂಡಿಕ್ಸ್ ಅಂತ ನನಗ ಅನುಮಾನ. ಸ್ಕ್ಯಾನ್‌ನಾಗ ಸರಿಯಾಗಿ ಕಾಣವಲ್ದು. ಎಲ್ಲಿ ಒತ್ತಿದ್ರ ನೋಯ್ತದ ಅಂತಾದ್ರೂ ಗೊತ್ತಾಗಬೇಕಲ್ಲ. ಅದನ್ನ ನಿಮ್ಮ ಬೆಕ್ಕು ತಿಂದುಬಿಟ್ಟದ.”

“ಹಂಗಾದ್ರ ತಗೀರಿ, ಸರ್.”

ತೆಗೆದರು. ಇಳಾ ಚೀರಿದಳು. ತಿಳಿವಳಿಕೆ ಬಂದಾಗಿನಿಂದ ಇದೇ ಆಸ್ಪತ್ರೆಗೆ ಬರುತ್ತಿದ್ದರೂ, ಪ್ರತಿ ಸಲವೂ ಕಣ್ಣಿಗೆ ಕನ್ನಡಕವಿರುತ್ತಿದ್ದರಿಂದ, ಡಾಕ್ಟರರ ಮುಖವನ್ನು ಅವಳು ನೋಡಿದ್ದು ಇದೇ ಮೊದಲು. ಮುಟ್ಟುವ ಮೊದಲೇ ಅಳು. ಮೊಣಕಾಲು ಮುಟ್ಟಿದರೂ ಅಳು. ಕನ್ನಡಕ ಹಾಕಿದರೆ ಎಲ್ಲೂ ನೋವಿಲ್ಲ, ತೆಗೆದರೆ ಎಲ್ಲ ಕಡೆಯೂ ನೋವು.

ವಿದುಲಾ ಮತ್ತೆ ಕನ್ನಡಕ ತೊಡಿಸಿ, ಮರಿ ಮಾತಾಡುವಂತೆ ಮಾಡಿದಳು. “ಎಲ್ಲಿ ನೋಯ್ತದ, ಪುಟ್ಟಿ?” ಎಂದು ಅದು ಕೇಳಿತು. ಇಳಾ ಮರಿಯ ಬಾಲ ತೋರಿಸಿದಳು.

ತಾಯಿ ನಿವೇದಿತಾಳಿಗೆ ತಡೆಯಲಾಗಲಿಲ್ಲ. “ಸಾಕ್ರಿ, ಮೇಡಮ್ಮಾರ. ನಿಮ್ಮ ಬೆಕ್ಕಿನ ಹೊಟ್ಟಿ ಚಲೋ ಐತಿ. ನನ್ನ ಮಗಳ ಹೊಟ್ಟಿ ನೋಡ್ರಿ.”

ಕನ್ನಡಕ ಕಿತ್ತು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡಳು. ಸವಣೂರರು ಅವರೆದುರು ನೆಲದ ಮೇಲೆ ಕೂತರು. ಅಳು ನಿಲ್ಲಲಿಲ್ಲ. ಹೊರಗೆ ಕಾದಿದ್ದವರೊಬ್ಬರು ಬಾಗಿಲು ತಟ್ಟಿ, “ಏನ್ರಿ, ಒಳಗ ಸಂಸಾರ ಹೂಡ್ಯಾರೇನು?” ಎಂದರು. ಕನ್ನಡಕ ಬಂದ ಮೇಲೆ ಒಂದು ಮಗುವಿಗೆ ಇಷ್ಟು ಹೊತ್ತು ಕೊಡುವ ರೂಢಿಯೇ ತಪ್ಪಿಹೋಗಿತ್ತು.

ಕೊನೆಗೆ ಅಳು ಬಿಕ್ಕಳಿಕೆಗಿಳಿಯಿತು. ಸವಣೂರರು ಇಳಾಳ ಕೈಯನ್ನೇ ಅವಳ ಹೊಟ್ಟೆಯ ಮೇಲಿಟ್ಟು, ಅದರ ಮೇಲೆ ತಮ್ಮ ಕೈಯಿಟ್ಟು ಮೆಲ್ಲಗೆ ಸರಿಸಿದರು. ಎಡಕ್ಕೆ ಸುಮ್ಮನಿದ್ದಳು. ಬಲಗಡೆ, ಕೆಳಗೆ ಬಂದಾಗ ಪುಟ್ಟ ಕೈ ಬಿಗಿಯಿತು.

“ಅವ್ವಾ, ಇಲ್ಲಿ.”

“ಅಪೆಂಡಿಕ್ಸೇ ಅದ. ಇವತ್ತ ಆಪರೇಷನ್ ಆಗಬೇಕು,” ಎಂದು ಸವಣೂರರು ಎದ್ದರು.

ಆಪರೇಷನ್ ಕೋಣೆಯ ಬಾಗಿಲಲ್ಲಿ ಇಳಾ, “ಬೆಕ್ಕಿನ ಮರಿ ಬೇಕು,” ಎಂದಳು. ಚೀಲದಿಂದ ಕನ್ನಡಕ ತೆಗೆಯಬೇಕೋ ಬೇಡವೋ ವಿದುಲಾಗೆ ತಿಳಿಯಲಿಲ್ಲ. “ಕೊಡ್ಲೇನ್ರಿ, ಸರ್?”

“ನನ್ನ ಕೇಳಬ್ಯಾಡ್ರಿ. ಅವರವ್ವನ್ನ ಕೇಳ್ರಿ.”

ನಿವೇದಿತಾ ಮಗಳ ಹಣೆ ಸವರಿದಳು. “ಕೊಡ್ರಿ. ಆದ್ರ ಎಚ್ಚರಾದಾಗ ಅಕಿಗೆ ನನ್ನ ಮಾರಿ ಕಾಣಬೇಕು.”

ಇಳಾ ಗುಣವಾದಳು. ಮುಂದಿನ ಸಲ ಡಾಕ್ಟರರನ್ನು ಕಂಡು ಅತ್ತಳೋ ಇಲ್ಲವೋ ಹೇಳಲಾರೆ. ಇಂದು ಸೂಜಿ ಚುಚ್ಚಿಸುವಾಗ ಮಗುವಿನ ಕೈಗೆ ಮೊಬೈಲ್ ಕೊಡುವ ನಾವು ಆ ಮಗುವಿನ ಭಯವನ್ನು ಕಳೆಯುತ್ತಿದ್ದೇವೆಯೋ, ಬರೀ ಮುಂದಕ್ಕೆ ಹಾಕುತ್ತಿದ್ದೇವೆಯೋ, ಅದೂ ನನಗೆ ಗೊತ್ತಿಲ್ಲ.