ಹನ್ನೆರಡು ಮಾದರಿ ಸಹಿಗಳು

ಹಿಟ್ಟಿನ ಅಂಟು ಬೇಯುವ ವಾಸನೆ ಮೂಗಿಗೆ ಬಿದ್ದರೆ ಸಾಕು, ನಾನು ಏಳು ವರ್ಷದವಳಾಗಿಬಿಡುತ್ತೇನೆ. ಅಪ್ಪ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದರು. ಒಲೆಯ ಮೇಲಿನ ಅಂಟು ತಳ ಹಿಡಿಯದಂತೆ ಕಲಕುವುದು ನನ್ನ ಪಾಲಿನ ಕೆಲಸ. ಹಸ್ತಾಕ್ಷರ ಮಾರುವ ಆ ಅಂಗಡಿಯಲ್ಲೂ ಅದೇ ವಾಸನೆ. ಆದರೆ ಅಂದು ಬಟ್ಟಲಿನ ಅಂಟು ಕೆನೆಗಟ್ಟಿ ಒಣಗುತ್ತಿತ್ತು. ಅಂಗಡಿಯವರು ಅತ್ತ ನೋಡಲೂ ಇಲ್ಲ.

ಮೇಜಿನ ಮೇಲೆ ಹಳೆಯ ಪತ್ರವೊಂದು ಬೋರಲಾಗಿ ಬಿದ್ದಿತ್ತು. ಬೆನ್ನಿನ ಮೇಲೆ 'ನಕಲಿ' ಎಂಬ ನೇರಳೆ ಮೊಹರು.

"ಬೆಳಿಗ್ಗೆ ಅಂಚೆಯಲ್ಲಿ ಬಂತು," ಎಂದರು ಅಂಗಡಿಯವರು. "ಪರಿಶೀಲನೆಗೆ ಕಳಿಸಿದ್ದು ನಾನೇ. ಕೈಯಾರೆ ಕೆಡಿಸಿದೆ."

ಮೂಲೆಯ ಸ್ಟೂಲಿನಲ್ಲಿ ಹೊಲಿಗೆಯಮ್ಮ ಕೂತಿದ್ದರು. ನಲವತ್ತು ವರ್ಷದ ಹಿಂದೆ, ಈಗ ತೀರಿಕೊಂಡಿರುವ ದೊಡ್ಡ ಗಾಯಕರೊಬ್ಬರು ಆಕೆಗೆ ಬರೆದ ಪತ್ರ ಅದು. 'ನೀವು ಹೊಲಿದ ಕೋಟು ತೊಟ್ಟರೆ ವೇದಿಕೆಯ ಮೇಲೆ ನನಗೆ ಭಯವಾಗುವುದಿಲ್ಲ.' ಗಾಯಕರ ಕೋಟಿನ ಪಕ್ಕ ಆ ಪತ್ರವನ್ನೂ ಹೊಲಿದವರ ಹೆಸರನ್ನೂ ಇಡಲು ವಸ್ತುಸಂಗ್ರಹಾಲಯದವರು ಒಪ್ಪಿದ್ದರು, ಪರಿಶೀಲನಾ ಸಂಸ್ಥೆಯಿಂದ 'ಅಸಲಿ' ಎಂಬ ಚೀಟಿ ತಂದರೆ ಮಾತ್ರ.

"ಹೋಗ್ಲಿ ಬಿಡಿ," ಎಂದರು ಹೊಲಿಗೆಯಮ್ಮ. "ಯಾರೋ ತಮಾಷೆಗೆ ಬರೆದಿರ್ಬೇಕು. ನಾನೊಬ್ಬಳು ದಡ್ಡಿ, ಇಷ್ಟು ವರ್ಷ ದಿಂಬಿನ ಕೆಳಗಿಟ್ಕೊಂಡು ಮಲಗಿದೆ."

ನನ್ನ ಗೆಳತಿ ಆಕೆಗೆ ನೀರು ಕೊಟ್ಟು, ಆಮೇಲೆ ಪತ್ರ ಎತ್ತಿಕೊಂಡಳು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಚೆಕ್ಕಿನ ಸಹಿಗಳನ್ನು ತಾಳೆ ನೋಡಿದವಳು. ಅಲ್ಲಿಯವರು ಇಟ್ಟ ಅಡ್ಡಹೆಸರು ಭೂತಗನ್ನಡಿ. ಇಂಥ ಗೋಜಲು ಬಂದರೆ ಜನ ಈಗಲೂ ಅವಳನ್ನು ಕರೆಯುತ್ತಾರೆ. ಅವಳು ನನ್ನನ್ನು ಎಳೆದುಕೊಂಡು ಹೋಗುತ್ತಾಳೆ.

"ಪತ್ರ ಯಾರ್ಯಾರ ಕೈಯಲ್ಲಿತ್ತು?"

"ಮೊದಲು ಈ ಅಮ್ಮನ ಹತ್ರ, ಆಮೇಲೆ ನನ್ನ ಹತ್ರ. 'ಇತ್ತೀಚೆಗೆ ತಯಾರಿಸಿರಬಹುದು' ಅಂತ ವರದಿಯಲ್ಲಿದೆ. ಅಂದ್ರೆ ಯಾರು? ನಾನೇ ತಾನೇ?"

"ನೀವು ತಯಾರಿಸಿದ್ರಾ?"

"ಮೇಡಂ!"

"ಕೇಳೋದು ನನ್ನ ಕೆಲಸ. ಕೋಪ ಆಮೇಲೆ ಮಾಡ್ಕೊಳ್ಳಿ. ಈ ವರದಿಯಲ್ಲಿ ಹೋಲಿಕೆಗೆ ಅಂತ ಹನ್ನೆರಡು ಮಾದರಿ ಸಹಿಗಳಿವೆಯಲ್ಲ, ಎಲ್ಲಿಯವು?"

"ಅಭಿಮಾನಿಗಳಿಗೆ ಅಂಚೆಯಲ್ಲಿ ಹೋದ ಫೋಟೋಗಳು. ಸಿಗೋದೇ ಅವು. ನಾಲ್ಕು ನಾನೇ ಮಾರಿದ್ದು."

"ಅವು ಅಸಲಿ ಅಂತ ಯಾರು ಹೇಳಿದ್ರು?"

"ಸಂಸ್ಥೆಯವರು."

"ಯಾವುದಕ್ಕೆ ಹೋಲಿಸಿ?"

"ಅದಕ್ಕೂ ಮುಂಚೆ ಪಾಸಾದ ಫೋಟೋಗಳಿಗೆ."

"ಚೆನ್ನಾಗಿದೆ! ಅಣ್ಣ ಒಳ್ಳೆಯವನು ಅಂತ ತಮ್ಮನ ಸಾಕ್ಷಿ, ತಮ್ಮ ಒಳ್ಳೆಯವನು ಅಂತ ಅಣ್ಣನ ಸಾಕ್ಷಿ."

ಅವಳು ವರದಿಯ ಒಂದು ಸಾಲಿನ ಮೇಲೆ ಬೆರಳಿಟ್ಟಳು: 'ಮಸಿ ಉದ್ದಕ್ಕೂ ಬಲಕ್ಕೆ ಸವರಿದೆ. ನಕಲು ಮಾಡುವವರ ಗಾಬರಿಯ ಗುರುತು.' ಆಮೇಲೆ ಹೊಲಿಗೆಯಮ್ಮನ ಕಡೆ ತಿರುಗಿದಳು.

"ಅಮ್ಮಾ, ಅವರ ಕೋಟುಗಳಲ್ಲಿ ಯಾವ ತೋಳು ಬೇಗ ಕೆಡ್ತಿತ್ತು?"

"ಎಡದ್ದು," ಎಂದರು ಆಕೆ, ಯೋಚಿಸದೆ. "ಅಂಚಿಗೆ ಯಾವಾಗ್ಲೂ ನೀಲಿ ಮಸಿ. ಎಷ್ಟು ಸಲ ಪಟ್ಟಿ ಬಿಚ್ಚಿ ಬೇರೆ ಹಾಕಿದೀನೋ! ಮಕ್ಕಳಿಗಿಂತ ಕಡೆ ಅಂತ ಬೈಯ್ತಿದ್ದೆ."

ಗೆಳತಿ ತಲೆಯೆತ್ತಿದಳು. ಅಂಗಡಿಯವರ ತಲೆಯ ಮೇಲಿನ ಗೋಡೆಯಲ್ಲಿ ಗಾಯಕರ ಸಹಿಯಿದ್ದ ಒಂದು ಫೋಟೋ ತೂಗುತ್ತಿತ್ತು. ಅದೇ ಚೌಕಟ್ಟಿನೊಳಗೆ ಅದು ಬಂದ ಲಕೋಟೆ.

"ಇದೂ ಅಂಚೆಯಲ್ಲಿ ಬಂದದ್ದಾ?"

"ನನಗಾಗ ಹತ್ತು ವರ್ಷ. ಅಮ್ಮ ತೀರಿಕೊಂಡಿದ್ರು. ಯಾರಿಗೆ ಹೇಳ್ಬೇಕೋ ಗೊತ್ತಾಗದೆ ಅವರಿಗೆ ಬರೆದೆ. ಹದಿನೈದು ದಿನಕ್ಕೆ ಇದು ಬಂತು." ಅವರ ದನಿ ತಗ್ಗಿತು. "ಇದರಿಂದಲೇ ಈ ಅಂಗಡಿ, ಮೇಡಂ."

ಫೋಟೋದಲ್ಲಿ ಸಹಿಯ ಮೇಲೆ ಒಂದು ಸಾಲಿತ್ತು: 'ಅಮ್ಮ ಹಾಡುತ್ತಿದ್ದುದನ್ನು ನೀನು ಹಾಡಿಕೋ, ಮಗು.' ಗೆಳತಿ ಲಕೋಟೆಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಗಾಯಕರ ಮನೆಯವರು ಯಾರಾದರೂ ಇದ್ದಾರೆಯೇ ಎಂದು ಕೇಳಿ, ಅವರ ತಂಗಿಯೊಬ್ಬರ ವಿಳಾಸ ಪಡೆದು ಕಾಗದ ಬರೆದಳು.

ನಾಲ್ಕನೆಯ ದಿನ ಮಧ್ಯಾಹ್ನ ಆ ತಂಗಿ ಬಂದರು. ಎಂಬತ್ತರ ಹತ್ತಿರದವರು, ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ಹೊಲಿಗೆಯಮ್ಮ ಎದ್ದು ತಮ್ಮ ಸ್ಟೂಲು ಬಿಟ್ಟುಕೊಟ್ಟರು.

"ಈ ಪತ್ರ ಅಸಲಿ," ಎಂದಳು ಗೆಳತಿ. "ಗಾಯಕರು ಎಡಚರು. ಎಡಗೈ ಬರೀತಾ ಬಲಕ್ಕೆ ಸಾಗುವಾಗ ಒದ್ದೆ ಮಸಿಯ ಮೇಲೇ ಒರೆಸಿಕೊಂಡು ಹೋಗುತ್ತೆ. ಸಂಸ್ಥೆಯವರು ಅದನ್ನ ಗಾಬರಿ ಅಂದ್ರು. ಅವರ ಮಾದರಿಗಳಲ್ಲಿ ಒಂದರಲ್ಲೂ ಮಸಿ ಸವರಿಲ್ಲ. ಹನ್ನೆರಡನ್ನೂ ಬರೆದದ್ದು ಬಲಗೈ."

"ಯಾರ ಕೈ?" ಎಂದರು ಅಂಗಡಿಯವರು.

"ಲಕೋಟೆ ಮೇಲೆ ವಿಳಾಸ ಬರೆದ ಕೈ. ಅದೇ ಕೈ ಮೊನ್ನೆ ನನಗೆ 'ಬರುತ್ತೇನೆ' ಅಂತ ಕಾರ್ಡು ಹಾಕಿದೆ." ಗೆಳತಿ ಗಾಯಕರ ತಂಗಿಯನ್ನು ನೋಡಿದಳು. "ಅಲ್ವಾ, ಅಮ್ಮಾ?"

ಆಕೆ ತಲೆ ತಗ್ಗಿಸಿದರು.

"ಚೀಲಗಟ್ಟಲೆ ಕಾಗದ ಬರ್ತಿತ್ತು. ಅಣ್ಣ ಒಂದನ್ನೂ ಒಡೀತಿರಲಿಲ್ಲ. ಮಕ್ಕಳು ದಿನಾ ಬಾಗಿಲಲ್ಲಿ ಕಾದಿರ್ತಾರೆ ಅಂತ ನಾನೇ ಬರೆದು ಹಾಕ್ತಿದ್ದೆ. ಮುಂದೆ ಮಾರ್ತಾರೆ, ಚೀಟಿ ಅಂಟಿಸ್ತಾರೆ ಅಂತ ಯಾರು ಕಂಡಿದ್ರು? ಇನ್ನೊಬ್ಬರ ಪತ್ರಕ್ಕೆ ಇದರಿಂದ ಕೇಡಾಗುತ್ತೆ ಅಂತ ಖಂಡಿತ ಗೊತ್ತಿರಲಿಲ್ಲ."

"ಸಹಿ ಹಾಕಿದ್ದು ಇವರು," ಎಂದಳು ಗೆಳತಿ. "ಆದರೆ ಕಣ್ಣು ಮುಚ್ಚಿಕೊಂಡದ್ದು ಸಂಸ್ಥೆ."

"ನಾನೂ," ಎಂದರು ಅಂಗಡಿಯವರು. "ಇಪ್ಪತ್ತು ವರ್ಷದಿಂದ ಸಹಿ ನೋಡೋದು ಬಿಟ್ಟು ಬರೀ ಚೀಟಿ ನೋಡ್ತಿದ್ದೆ. ಕೊಂಡವರಿಗೆಲ್ಲ ನಿಜ ಬರೀತೀನಿ. ಸಂಗ್ರಹಾಲಯಕ್ಕೆ ಇವತ್ತೇ."

ಹೊಲಿಗೆಯಮ್ಮ ಪತ್ರವನ್ನು ಮಗುಚಿ ಮೊಹರನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದರು. ಅದು ಹೋಗಲಿಲ್ಲ. ಆದರೂ ಪತ್ರವನ್ನು ಎದೆಗೊತ್ತಿಕೊಂಡರು, ಕಣ್ಣು ತುಂಬಿತ್ತು.

ಅಂಗಡಿಯವರು ಗೋಡೆಯ ಫೋಟೋದ ಮುಂದೆ ನಿಂತಿದ್ದರು. ಬೆನ್ನು ನಮ್ಮ ಕಡೆ.

"ಆ ಸಾಲೂ ನಿಮ್ಮದೇನಾ?"

"ಹೂಂ, ನಂದೇ. ಅಣ್ಣ ನಿಮ್ಮ ಕಾಗದ ನೋಡ್ಲೇ ಇಲ್ಲ, ಮಗು."

ಅಂಗಡಿಯವರ ಭುಜ ಒಮ್ಮೆ ಅಲುಗಿತು. ಆಮೇಲೆ ಅವರು ಕಣ್ಣೊರೆಸಿಕೊಂಡು ತಿರುಗಿದರು. ಮೇಜಿನ ಕೆಳಗಿಂದ ತಮ್ಮ ಊಟದ ಡಬ್ಬಿ ತೆಗೆದರು, ಮುಚ್ಚಳ ಬಿಚ್ಚಿದರು, ಗಾಯಕರ ತಂಗಿಯ ಕೈಗೆ ಕೊಟ್ಟರು.